ಕ್ಲೆರ್ವೋ ಕೋಟೆಯ ಚಿತ್ರಗಳು, ನಮ್ಮ ಗೋಡೆಯ ಚಿತ್ರಗಳು

ಬರುವ ನವೆಂಬರಿನ ರಾಜ್ಯೋತ್ಸವಕ್ಕೆ ಹಾಡು, ಕುಣಿತ, ಬಿಸಿಬೇಳೆಬಾತಿನ ಜೊತೆಗೆ ಈ ಸಲ ಇನ್ನೊಂದು ಕಾರ್ಯಕ್ರಮ ಸೇರಿಸಿದ್ದೇವೆ. ಅದು ಫೋಟೊ ಪ್ರದರ್ಶನ. ಜರ್ಮನಿಯ ಈ ಪಶ್ಚಿಮ ಭಾಗದಲ್ಲಿ ದುಡಿಯುತ್ತಿರುವ ಕನ್ನಡಿಗರು ತಮ್ಮ ಕೆಲಸ, ತಮ್ಮ ದಿನಚರಿಯನ್ನು ತಾವೇ ತೆಗೆದ ಫೋಟೊಗಳು. ಸಭಾಂಗಣದ ಒಂದು ಉದ್ದನೆಯ ಗೋಡೆಯನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಅದನ್ನು ಹೇಗೆ ತುಂಬಿಸಬೇಕು ಅಂತ ತಲೆಕೆಡಿಸಿಕೊಂಡಿದ್ದಾಗ ಪಕ್ಕದ ದೇಶದ ಒಂದು ಹಳೆಯ ಪ್ರದರ್ಶನ ನಮಗೆ ದಾರಿ ತೋರಿಸಿತು. ಆ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ. ಕೊನೆಯಲ್ಲಿ ನಿಮಗೂ ಒಂದು ಕೆಲಸವಿದೆ.

ತಯಾರಿ ಗುಂಪಿನಲ್ಲಿ ನಾವು ಆರು ಮಂದಿ. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್. ಇಬ್ಬರು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವವರು. ಒಬ್ಬರು ಸಾಫ್ಟ್‌ವೇರಿನವರು, ಒಬ್ಬರು ವೃದ್ಧಾಶ್ರಮದ ಅಡುಗೆಮನೆಯವರು. ಇನ್ನೊಬ್ಬ ಹುಡುಗ ಗದಗದ ಕಡೆಯವನು, ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಾ ವಾರಕ್ಕೆ ಕೆಲವು ಸಂಜೆ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಾನೆ. ಯಾರೂ ಫೋಟೊಗ್ರಾಫರ್ ಅಲ್ಲ. ಎಲ್ಲರ ಕೈಯಲ್ಲಿರೋದು ಮೊಬೈಲ್ ಅಷ್ಟೇ.

ಮೊದಲ ಸಭೆಗೆ ಎಲ್ಲರೂ ತಂತಮ್ಮ ಫೋಟೊ ತಂದಿದ್ದೆವು. ಕೋಲ್ನ್ ಚರ್ಚಿನ ಮುಂದೆ ನಿಂತದ್ದು, ಪ್ಯಾರಿಸಿನ ಗೋಪುರದ ಮುಂದೆ ನಿಂತದ್ದು, ಹಿಮದಲ್ಲಿ ಆಡಿದ್ದು, ಕ್ರಿಸ್‌ಮಸ್ ಸಂತೆಯ ದೀಪಗಳು, ರೈನ್ ನದಿಯ ದೋಣಿ. ಎಲ್ಲ ನೋಡಿ ಮುಗಿಸಿದ ನರ್ಸ್ ಅಕ್ಕ ಅಂದರು: "ಇದನ್ನೆಲ್ಲ ನೋಡಿದ್ರೆ ನಾವು ಕೆಲಸಕ್ಕೆ ಬಂದವರ ಹಾಗೆ ಕಾಣ್ತಾ ಇಲ್ಲ. ಟೂರಿಗೆ ಬಂದವರ ಹಾಗೆ ಇದೆ."

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ನಾವೆಲ್ಲ ಊರಿಗೆ ಕಳಿಸೋದು ಮೊಸರಿನ ಫೋಟೊ. ಕೆಸರಿನ ಫೋಟೊ ತೆಗೆಯೋದೇ ಇಲ್ಲ, ತೆಗೆದರೂ ಯಾರಿಗೂ ಕಳಿಸೋದಿಲ್ಲ. ಹಾಗಿರುವಾಗ ದುಡಿಮೆಯ ಪ್ರದರ್ಶನ ಮಾಡೋದು ಹೇಗೆ? ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಮೊದಲು ನೋಡಿ ಬರೋಣ ಅಂತ ತೀರ್ಮಾನವಾಯಿತು.

ಎಪ್ಪತ್ತು ವರ್ಷದ ಹಿಂದಿನ ಪ್ರದರ್ಶನ

ಲಕ್ಸೆಂಬರ್ಗಿನ ಉತ್ತರ ಭಾಗದಲ್ಲಿ, ಕಾಡುಗುಡ್ಡಗಳ ನಡುವೆ, ಕ್ಲೆರ್ವೋ ಅನ್ನುವ ಸಣ್ಣ ಊರಿದೆ. ಊರಿನ ಮಧ್ಯೆ ಬಿಳಿ ಗೋಡೆಯ ಕೋಟೆ. 1944ರ ಡಿಸೆಂಬರಿನಲ್ಲಿ, ಎರಡನೇ ಮಹಾಯುದ್ಧದ ಕೊನೆಯ ದೊಡ್ಡ ಕಾಳಗಗಳಲ್ಲೊಂದು ಈ ಗುಡ್ಡಗಳಲ್ಲಿ ನಡೆದಾಗ ಕೋಟೆ ಸುಟ್ಟುಹೋಗಿತ್ತು. ಆಮೇಲೆ ಮತ್ತೆ ಕಟ್ಟಿದರು. ಈಗ ಅದರೊಳಗೆ 'ದ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನ ಶಾಶ್ವತವಾಗಿ ನೆಲೆಸಿದೆ. ಕನ್ನಡದಲ್ಲಿ 'ಮನುಷ್ಯ ಕುಟುಂಬ' ಅನ್ನಬಹುದು.

1955ರ ಜನವರಿಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಇದು ಮೊದಲು ತೆರೆಯಿತು. ಮಾಡಿದವರು ಎಡ್ವರ್ಡ್ ಸ್ಟೈಕನ್, ಆಗ ಆ ಸಂಸ್ಥೆಯ ಫೋಟೊಗ್ರಫಿ ವಿಭಾಗದ ಮುಖ್ಯಸ್ಥರು. ಸುಮಾರು 20 ಲಕ್ಷ ಫೋಟೊಗಳಿಂದ ಮೊದಲು 10 ಸಾವಿರ ಆರಿಸಿದರಂತೆ. ಅದನ್ನು ಮತ್ತೆ ಸೋಸಿ, ಸೋಸಿ 503ಕ್ಕೆ ಇಳಿಸಿದರು. 68 ದೇಶಗಳು, 273 ಫೋಟೊಗ್ರಾಫರುಗಳು. ಪ್ರೀತಿ, ಮದುವೆ, ಹೆರಿಗೆ, ಮಕ್ಕಳ ಆಟ, ದುಡಿಮೆ, ಊಟ, ಜಗಳ, ಹಸಿವು, ಸಾವು, ಪ್ರಾರ್ಥನೆ, ಹೀಗೆ ಒಂದು ಬದುಕಿನ ದಾರಿಯಲ್ಲಿ ಚಿತ್ರಗಳು ಸಾಗುತ್ತವೆ. ಆಮೇಲೆ ಇದರ ಪ್ರತಿಗಳು ಹಲವಾರು ದೇಶ ಸುತ್ತಿದವು, ನಮ್ಮ ಭಾರತಕ್ಕೂ ಬಂದಿದ್ದವು. ಜಗತ್ತಿನಾದ್ಯಂತ ನೋಡಿದವರ ಸಂಖ್ಯೆ 90 ಲಕ್ಷಕ್ಕೂ ಹೆಚ್ಚು. ಸುತ್ತಾಟ ಮುಗಿದ ಮೇಲೆ ಉಳಿದ ಒಂದು ಪ್ರತಿಯನ್ನು ಅಮೆರಿಕ ಸರ್ಕಾರ ಲಕ್ಸೆಂಬರ್ಗಿಗೆ ಕೊಟ್ಟಿತು. ಅದು 1994ರಿಂದ ಈ ಕೋಟೆಯಲ್ಲಿದೆ. 2003ರಲ್ಲಿ ಯುನೆಸ್ಕೊದ ವಿಶ್ವ ಸ್ಮರಣೆಯ ಪಟ್ಟಿಗೂ ಸೇರಿತು.

ಲಕ್ಸೆಂಬರ್ಗಿಗೇ ಯಾಕೆ ಕೊಟ್ಟರು? ಸ್ಟೈಕನ್ ಹುಟ್ಟಿದ್ದು ಅಲ್ಲಿ, 1879ರಲ್ಲಿ, ಬಿವಾಂಜ್ ಅನ್ನುವ ಹಳ್ಳಿಯಲ್ಲಿ. ಕೂಸಾಗಿದ್ದಾಗಲೇ ತಂದೆತಾಯಿ ಹೊಟ್ಟೆಪಾಡಿಗೆ ಅಮೆರಿಕಕ್ಕೆ ವಲಸೆ ಹೋದರು. ತಂದೆ ಮಿಷಿಗನ್ನಿನ ತಾಮ್ರದ ಗಣಿಯಲ್ಲಿ ದುಡಿದು ಆರೋಗ್ಯ ಕೆಡಿಸಿಕೊಂಡರು. ತಾಯಿ ಹೆಂಗಸರ ಟೋಪಿ ತಯಾರಿಸಿ ಮಾರಿ ಸಂಸಾರ ತೂಗಿಸಿದರು. ಅಂದರೆ ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಿದ ಫೋಟೊ ಪ್ರದರ್ಶನಗಳಲ್ಲೊಂದನ್ನು ಮಾಡಿದಾತ ನಮ್ಮ ಹಾಗೆ ದುಡಿಮೆ ಹುಡುಕಿ ಹೋದವರ ಮಗ. ಈ ವಿಷಯ ತಿಳಿದಾಗ ನಮ್ಮ ಗುಂಪಿನವರ ಮುಖದಲ್ಲಿ ಒಂದು ತರಹದ ಸಲುಗೆ ಬಂತು.

ನಮಗೆ ಖುಷಿ ಕೊಟ್ಟ ಇನ್ನೊಂದು ಸಂಗತಿ: ಈ 503ರಲ್ಲಿ ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ'ಯ ಒಂದು ಸ್ಥಿರಚಿತ್ರವೂ ಇದೆ. ಆ ಸಿನಿಮಾದ ಮೊಟ್ಟಮೊದಲ ಪ್ರದರ್ಶನ ನಡೆದದ್ದು 1955ರ ಮೇ 3ರಂದು, ಅದೇ ನ್ಯೂಯಾರ್ಕ್ ವಸ್ತುಸಂಗ್ರಹಾಲಯದಲ್ಲಿ, ಈ ಫೋಟೊಗಳು ಇನ್ನೂ ಗೋಡೆಯ ಮೇಲಿದ್ದಾಗಲೇ.

ಹೋಗುವವರಿಗೆ ಒಂದೆರಡು ಮಾತು. ಟ್ರಿಯರ್ ಮಾರ್ಗವಾಗಿ ಲಕ್ಸೆಂಬರ್ಗ್ ನಗರಕ್ಕೆ ಬಂದು, ಅಲ್ಲಿಂದ ಉತ್ತರದ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಕ್ಲೆರ್ವೋ. 2020ರ ಮಾರ್ಚಿನಿಂದ ಲಕ್ಸೆಂಬರ್ಗಿನ ಒಳಗೆ ಎರಡನೇ ದರ್ಜೆಯ ರೈಲು, ಬಸ್ಸು, ಟ್ರಾಮು ಎಲ್ಲವೂ ಉಚಿತ. ಗಡಿಯವರೆಗಿನ ಟಿಕೆಟ್ ಮಾತ್ರ ನಿಮ್ಮದು. ಪಾಸ್‌ಪೋರ್ಟ್ ಮತ್ತು ನಿವಾಸದ ಕಾರ್ಡು ಜೇಬಿನಲ್ಲಿರಲಿ, ಗಡಿಯಲ್ಲಿ ಕೇಳಿದರೆ ತೋರಿಸಬೇಕಾಗುತ್ತದೆ. ಚಳಿಗಾಲದಲ್ಲಿ ಕೆಲಕಾಲ ಮುಚ್ಚಿರುತ್ತದೆ, ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ.

ಗೋಡೆ ಕಲಿಸಿದ ಪಾಠ

ಒಳಗೆ ಹೋದವರು ಮೊದಲು ಗಮನಿಸಿದ್ದು ಅಳತೆ. ಕೆಲವು ಫೋಟೊ ಅಂಗೈಗಿಂತ ಸ್ವಲ್ಪ ದೊಡ್ಡವು, ಕೆಲವು ಇಡೀ ಗೋಡೆಯಷ್ಟು. ಕೆಲವನ್ನು ಗೋಡೆಗೆ ಅಂಟಿಸದೆ ನಡುಮನೆಯಲ್ಲಿ ತೂಗುಬಿಟ್ಟಿದ್ದಾರೆ. ಸಣ್ಣದರ ಹತ್ತಿರ ನೀವೇ ಬಗ್ಗಿ ಹೋಗಬೇಕು, ದೊಡ್ಡದಕ್ಕೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಹೀಗೆ ನೋಡುವವರ ಕಾಲಿಗೂ ಕೆಲಸವಿದೆ. ಮದುವೆ ಆಲ್ಬಮ್ಮಿನಂತೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ಸಾಲಾಗಿ ಹಚ್ಚಿದ್ದರೆ ಹತ್ತು ಫೋಟೊ ದಾಟುವಷ್ಟರಲ್ಲಿ ಕಣ್ಣು ಸೋಲುತ್ತಿತ್ತು.

ಎರಡನೆಯದು ಅನುಕ್ರಮ. ಒಂದು ಕಡೆ ಬೇರೆಬೇರೆ ದೇಶದ ಮಕ್ಕಳು ಕೈಕೈ ಹಿಡಿದು ಸುತ್ತುವ ಆಟದ ಫೋಟೊಗಳಿವೆ. ಅವನ್ನು ಜೋಡಿಸಿರುವುದೂ ವೃತ್ತಾಕಾರದಲ್ಲೇ. ಇನ್ನೊಂದು ಕಡೆ ಸಿಸಿಲಿ, ಜಪಾನ್, ಆಫ್ರಿಕದ ಬೆಚುವಾನಾಲ್ಯಾಂಡ್ ಮತ್ತು ಅಮೆರಿಕದ ಓಜಾರ್ಕ್, ಈ ನಾಲ್ಕು ಜಾಗದ ದೊಡ್ಡ ಕುಟುಂಬಗಳು ಒಟ್ಟಿಗೆ ನಿಂತಿವೆ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ. ನಮ್ಮೂರ ಜಾತ್ರೆಯ ದಿನ ಜಗಲಿ ಮೇಲೆ ತೆಗೆಸಿದ ಫೋಟೊದ ಹಾಗೆಯೇ. ಪಕ್ಕಪಕ್ಕ ಇಟ್ಟದ್ದರಿಂದ ಒಂದೊಂದೂ ಇನ್ನೊಂದರ ಬಗ್ಗೆ ಮಾತಾಡುತ್ತದೆ.

ಮೂರನೆಯದು ಪೆರು ದೇಶದ ಕೊಳಲು ಹುಡುಗ. ನಗುತ್ತಾ ಕೊಳಲೂದುವ ಆ ಒಂದೇ ಚಿತ್ರ ಬೇರೆಬೇರೆ ಕಡೆ ಮತ್ತೆ ಮತ್ತೆ ಸಿಗುತ್ತದೆ. ಹಾಡಿನ ಪಲ್ಲವಿ ಮರಳಿ ಬಂದ ಹಾಗೆ. ಕೊನೆಯ ಚಿತ್ರ ಯೂಜಿನ್ ಸ್ಮಿತ್ ಅವರದು. 1945ರಲ್ಲಿ ಒಕಿನಾವದ ಯುದ್ಧಭೂಮಿಯಲ್ಲಿ ಫೋಟೊ ತೆಗೆಯುವಾಗ ಅವರು ತೀವ್ರವಾಗಿ ಗಾಯಗೊಂಡಿದ್ದರು. ಬಹುಕಾಲ ಕ್ಯಾಮೆರಾ ಮುಟ್ಟಿರಲಿಲ್ಲ. 1946ರಲ್ಲಿ ಮತ್ತೆ ಕೈಗೆತ್ತಿಕೊಂಡಾಗ ತೆಗೆದದ್ದು ತಮ್ಮದೇ ಇಬ್ಬರು ಪುಟ್ಟ ಮಕ್ಕಳನ್ನು. ಮರಗಳ ನೆರಳಿನಿಂದ ಬೆಳಕಿನ ಕಡೆಗೆ ಕೈಹಿಡಿದು ನಡೆಯುತ್ತಿರುವ ಮಕ್ಕಳ ಬೆನ್ನು ಮಾತ್ರ ಕಾಣುತ್ತದೆ. ಮುಖ ಕಾಣದ ಆ ಚಿತ್ರದ ಮುಂದೆ ನಮ್ಮವರು ಬಹಳ ಹೊತ್ತು ನಿಂತರು.

ಹೊರಗೆ ಊರಿನ ಬೀದಿಗಳಲ್ಲೂ ಪಾಠವಿತ್ತು. ಕ್ಲೆರ್ವೋ ತನ್ನನ್ನು ಚಿತ್ರಗಳ ಊರು ಅಂತಲೇ ಕರೆದುಕೊಳ್ಳುತ್ತದೆ. ಗೋಡೆ, ತೋಟ, ದಾರಿಬದಿಯಲ್ಲಿ ಈಗಿನ ಕಾಲದ ಫೋಟೊಗ್ರಾಫರುಗಳ ದೊಡ್ಡ ದೊಡ್ಡ ಚಿತ್ರಗಳನ್ನು ಬಯಲಿನಲ್ಲೇ ನಿಲ್ಲಿಸಿದ್ದಾರೆ. ಟಿಕೆಟಿಲ್ಲ, ಬಾಗಿಲಿಲ್ಲ. ತರಕಾರಿ ತರಲು ಹೋಗುವವರೂ ನೋಡುತ್ತಾ ಹೋಗುತ್ತಾರೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ನೆನಪಾಯಿತು. ಕಲೆ ಅಂದರೆ ಒಳಗೆ ಹೋಗಲು ಹೆದರಿಕೆ ಹುಟ್ಟಿಸುವ ಜಾಗ ಆಗಬೇಕಿಲ್ಲ ಅಲ್ವಾ?

ಅಲ್ಲಿ ಇಲ್ಲದ್ದು ಏನು?

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಕೊರತೆ ನಮ್ಮನ್ನು ಕಾಡಿತು. ಗೋದಾಮಿನ ಅಣ್ಣ ದುಡಿಮೆಯ ವಿಭಾಗದಲ್ಲಿ ಒಂದೊಂದೇ ಚೀಟಿ ಓದುತ್ತಾ ಬಂದರು. ತೆಗೆದವರ ಹೆಸರಿದೆ, ದೇಶದ ಹೆಸರಿದೆ. ಚಿತ್ರದಲ್ಲಿರುವ ಆಳಿನ ಹೆಸರಿಲ್ಲ. ಎಷ್ಟು ಗಂಟೆ ದುಡಿದ, ಎಷ್ಟು ಕೂಲಿ ಸಿಕ್ಕಿತು, ಯಾರಿಗಾಗಿ ದುಡಿದ, ಯಾವುದೂ ಇಲ್ಲ. "ಇಷ್ಟು ದೊಡ್ಡ ಫೋಟೊ ಹಾಕಿದ್ದಾರೆ, ಇವರು ಯಾರು ಅಂತ ಒಂದು ಸಾಲು ಬರೆಯೋಕೆ ಜಾಗ ಇರಲಿಲ್ವಾ?" ಅಂದರು.

ಈ ಪ್ರಶ್ನೆಯನ್ನು ನಮಗಿಂತ ಮುಂಚೆಯೇ ಕೇಳಿದವರಿದ್ದಾರೆ. ಪ್ರದರ್ಶನ ಪ್ಯಾರಿಸಿಗೆ ಬಂದಾಗ ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಅದರ ಬಗ್ಗೆ ಖಾರವಾಗಿ ಬರೆದರು. 1957ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಲೇಖನವಿದೆ. ಎಲ್ಲರೂ ಹುಟ್ಟುತ್ತಾರೆ, ದುಡಿಯುತ್ತಾರೆ, ಸಾಯುತ್ತಾರೆ ಅಂತ ತೋರಿಸಿದರೆ ಸಾಲದು. ಯಾವ ಸ್ಥಿತಿಯಲ್ಲಿ ಹುಟ್ಟುತ್ತಾರೆ, ಯಾರ ಲಾಭಕ್ಕೆ ದುಡಿಯುತ್ತಾರೆ ಅನ್ನುವುದನ್ನು ಮರೆಸಿ ಎಲ್ಲರೂ ಒಂದೇ ಕುಟುಂಬ ಅಂದುಬಿಡುವುದು ಸುಲಭ ಅನ್ನೋದು ಅವರ ವಾದ. ಪ್ಯಾರಿಸಿನ ಗುತ್ ದೋರ್ ಬಡಾವಣೆಯಲ್ಲಿರುವ ಉತ್ತರ ಆಫ್ರಿಕದ ಕೂಲಿಕಾರರನ್ನು ಕೇಳಿ ನೋಡಿ, ಈ ದೊಡ್ಡ ಕುಟುಂಬದ ಬಗ್ಗೆ ಅವರೇನು ಹೇಳುತ್ತಾರೆ ಅಂತ ಅವರು ಸವಾಲು ಹಾಕಿದರು. ವಲಸೆ ಕಾರ್ಮಿಕರನ್ನೇ ಸಾಕ್ಷಿಗೆ ಕರೆದರು. ನಾವೂ ಆ ಸಾಕ್ಷಿಗಳ ಸಾಲಿನವರೇ.

ಹೆಸರು ಕೇಳದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಇದೇ ಪ್ರದರ್ಶನದಲ್ಲಿ ಒಂದು ಚಿತ್ರವಿದೆ. 1936ರಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಅನ್ನುವಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೊ ತೆಗೆದರು. ಕೆನ್ನೆಗೆ ಕೈಯಿಟ್ಟು ದೂರ ನೋಡುತ್ತಿರುವ ಹೆಂಗಸು, ಎರಡೂ ಹೆಗಲಿಗೆ ಮುಖ ಮರೆಸಿಕೊಂಡ ಮಕ್ಕಳು. 'ವಲಸೆ ತಾಯಿ' ಅಂತ ಜಗತ್ತಿಗೆಲ್ಲ ಗೊತ್ತಾದ ಚಿತ್ರ. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಅನ್ನುವ ಹೆಸರು ಹೊರಬಂದದ್ದು 1978ರಲ್ಲಿ, ನಲವತ್ತೆರಡು ವರ್ಷದ ನಂತರ. ಆ ಫೋಟೊ ತೆಗೆಸಿಕೊಳ್ಳಬಾರದಿತ್ತು, ಅದರಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಅಂತ ಆಕೆ ಆಗ ಹೇಳಿಕೊಂಡರು.

ದೂರದ ಅಮೆರಿಕ ಯಾಕೆ, ನಮ್ಮ ಕೋಲ್ನ್ ರೈಲು ನಿಲ್ದಾಣದ್ದೇ ಇನ್ನೊಂದು ಚಿತ್ರವಿದೆ. ಕ್ಲೆರ್ವೋದ ಪ್ರದರ್ಶನ ಹುಟ್ಟಿದ 1955ರಲ್ಲೇ ಜರ್ಮನಿ ಇಟಲಿಯ ಜೊತೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. 1961ರಲ್ಲಿ ಟರ್ಕಿ, 1964ರಲ್ಲಿ ಪೋರ್ಚುಗಲ್. ಆ 1964ರ ಸೆಪ್ಟೆಂಬರ್ 10ರಂದು ಕೋಲ್ನ್‌ನ ಡಾಯ್ಟ್ಸ್ ನಿಲ್ದಾಣದಲ್ಲಿ ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗಸ್ ದ ಸಾ ರೈಲಿನಿಂದ ಇಳಿದರು. ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಹತ್ತು ಲಕ್ಷನೇ ಅತಿಥಿ ಕಾರ್ಮಿಕ ಅಂತ ಸನ್ಮಾನ, ಹೂಗುಚ್ಛ, ಒಂದು ಮೊಪೆಡ್ ಗಾಡಿ ಉಡುಗೊರೆ. ಗಾಡಿಯ ಮೇಲೆ ಕುಳಿತ ಟೋಪಿಯ ಮನುಷ್ಯನ ಆ ಫೋಟೊ ಇಲ್ಲಿನ ಶಾಲಾ ಪುಸ್ತಕಗಳಲ್ಲೂ ಬಂತು. ಗಾಡಿ ಈಗ ಬಾನ್ ನಗರದ ಇತಿಹಾಸ ಸಂಗ್ರಹಾಲಯದಲ್ಲಿದೆ.

ಫೋಟೊದ ಆಚೆಗಿನ ಕಥೆ ಬೇರೆ. ಕೆಲವು ವರ್ಷ ದುಡಿದ ಮೇಲೆ ಅವರು ಕಾಯಿಲೆ ಬಿದ್ದು ಊರಿಗೆ ಮರಳಿದರು. ಹೊಟ್ಟೆಯ ಕ್ಯಾನ್ಸರ್. ಜರ್ಮನಿಯ ವಿಮೆಯಿಂದ ತಮಗೆ ಸಲ್ಲಬೇಕಾದ ನೆರವು ಇದೆ ಅನ್ನೋದು ತಿಳಿಯದೆ ಕೂಡಿಟ್ಟ ಹಣವನ್ನೆಲ್ಲ ಔಷಧಿಗೆ ಸುರಿದರು. 1979ರಲ್ಲಿ ತೀರಿಕೊಂಡರು. ಈ ಚಿತ್ರಕ್ಕೆ ಹೆಸರೇನೋ ಇತ್ತು. ಆದರೆ ಆ ಹೆಸರಿನ ಮನುಷ್ಯನ ಮಾತು ಇರಲಿಲ್ಲ. ಹೆಸರು ಬರೆದ ಮಾತ್ರಕ್ಕೆ ಎಲ್ಲ ಹೇಳಿದಂತಾಗಲಿಲ್ಲ ಅನ್ನೋದು ಇದರಿಂದ ನಮಗೆ ಹೊಳೆಯಿತು. (ಇಲ್ಲೇ ಒಂದು ಕಿವಿಮಾತು: ನಿಮ್ಮ ಆರೋಗ್ಯ ವಿಮೆ, ಪಿಂಚಣಿ ವಿಮೆಯ ಕಾಗದಗಳನ್ನು ಒಂದೇ ಫೈಲಿನಲ್ಲಿಡಿ. ಊರಿಗೆ ಶಾಶ್ವತವಾಗಿ ಮರಳುವ ಮುಂಚೆ ಏನೇನು ಸಲ್ಲುತ್ತದೆ ಅಂತ ಬಾಯಿಬಿಟ್ಟು ಕೇಳಿ.)

ಒಂದು ಫೋಟೊ, ಎರಡು ಗಂಟೆ ಚರ್ಚೆ

ಕ್ಲೆರ್ವೋದಿಂದ ಬಂದ ಮುಂದಿನ ಸಭೆಗೆ ಎಲ್ಲರೂ ಹೊಸ ಫೋಟೊ ತಂದರು. ಬೆಳಗಿನ 4.40ರ ಖಾಲಿ ಟ್ರಾಮ್ ನಿಲ್ದಾಣ. ಬಾಗಿಲ ಬಳಿ ಬಿಚ್ಚಿಟ್ಟ ಉಕ್ಕಿನ ಮೂತಿಯ ಬೂಟು, ಪಕ್ಕದಲ್ಲಿ ಮಗುವಿನ ಪುಟ್ಟ ಚಪ್ಪಲಿ. ಅಡುಗೆಮನೆ ಗೋಡೆಯ ಮೇಲೆ ಎರಡು ಗಡಿಯಾರ, ಒಂದು ಇಲ್ಲಿನದು, ಒಂದು ಊರಿನದು. ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಟೂರಿನ ಫೋಟೊ ಒಂದೂ ಇರಲಿಲ್ಲ.

ಗದಗದ ಹುಡುಗ ತಂದದ್ದು ಒಂದೇ ಫೋಟೊ. ರಾತ್ರಿ ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ತನ್ನ ಎರಡು ಅಂಗೈ ತೆಗೆದಿದ್ದ. ಬಿಸಿನೀರು, ಸೋಪಿಗೆ ನೆಂದು ಸುಕ್ಕಾದ ತೊಗಲು, ಬೆರಳ ಸಂದಿನಲ್ಲಿ ಬಿರುಕು, ಹಿಂದೆ ಬಸ್ಸಿನ ವೇಳಾಪಟ್ಟಿಯ ಮಂಕು ಬೆಳಕು. ಬಂದ ಫೋಟೊಗಳಲ್ಲೆಲ್ಲ ಅದೇ ಚೆನ್ನಾಗಿದೆ ಅನ್ನೋದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗೋಡೆಯ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಹಾಕೋಣ ಅಂದೆವು.

ಹುಡುಗ ತಲೆ ಅಲ್ಲಾಡಿಸಿದ. "ತೋರ್ಸಾಕ ತಂದೇನ್ರಿ, ಹಚ್ಚಾಕಲ್ಲ. ಅಪ್ಪ ಹೊಲದ ಮ್ಯಾಲೆ ಸಾಲ ತಗದು ಕಳಿಸ್ಯಾರ. ಮಗ ಜರ್ಮನಿಯೊಳಗ ಎಂಜಿನಿಯರ್ ಅದಾನ ಅಂತ ಊರಾಗೆಲ್ಲ ಹೇಳ್ಯಾರ. ಇಲ್ಲಿ ಗೋಡೆಗೆ ಹಚ್ಚಿದ್ರ ಯಾರರೆ ಮೊಬೈಲ್‌ನಾಗ ತಗದು ಗ್ರೂಪಿಗೆ ಹಾಕ್ತಾರ. ಮರುದಿನ ಅಪ್ಪನ ಮುಂದ ಬರತೈತಿ."

ಗೋದಾಮಿನ ಅಣ್ಣ ಒಪ್ಪಲಿಲ್ಲ. "ಪಾತ್ರೆ ತೊಳೆಯೋದು ಕಳ್ಳತನವೇನಪ್ಪ? ಮುಚ್ಚಿಟ್ಟು ಮುಚ್ಚಿಟ್ಟೇ ಊರಿನವರಿಗೆ ಇಲ್ಲಿ ದುಡ್ಡು ಮರದಲ್ಲಿ ಬಿಡುತ್ತೆ ಅನ್ನೋ ಭ್ರಮೆ. ನಿನ್ನ ಹಿಂದೆ ಬರೋ ಹುಡುಗನೂ ಅದೇ ಭ್ರಮೆಯಲ್ಲಿ ಸಾಲ ಮಾಡ್ಕೊಂಡು ಬರ್ತಾನೆ." ಅವರ ಮಾತಿನಲ್ಲೂ ಸತ್ಯವಿತ್ತು. ಸಾಫ್ಟ್‌ವೇರಿನವರು, ಹೆಸರು ಹಾಕದಿದ್ದರೆ ಆಯಿತಲ್ಲ, ಕೈ ನೋಡಿ ಯಾರಿಗೆ ಗೊತ್ತಾಗುತ್ತೆ ಅಂದರು. ಅಡುಗೆಮನೆಯವರು ನಕ್ಕರು: "ಮಗನ ಕೈ ತಾಯಿಗೆ ಗೊತ್ತಾಗಲ್ವಾ?"

ನರ್ಸ್ ಅಕ್ಕ ಹೇಳಿದ್ದು ಕೊನೆಗೆ ನಿಂತಿತು. "ಕೆಲಸ ದೊಡ್ಡದೋ ಸಣ್ಣದೋ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ. ಅವನ ಮನೆಗೆ ಅವನ ಸುದ್ದಿ ಅವನೇ ಹೇಳಬೇಕು. ನಮ್ಮ ಗೋಡೆ ಹೇಳಬಾರದು." ಫೋಟೊವನ್ನು ಹುಡುಗನ ಕೈಗೆ ವಾಪಸು ಕೊಟ್ಟೆವು. ಹಾಕು ಅಂತ ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ.

ಮೂರು ವಾರದ ಮೇಲೆ ಅವನೇ ಬಂದ. ವಿಡಿಯೊ ಕಾಲಿನಲ್ಲಿ ತಾಯಿಗೆ ಫೋಟೊ ತೋರಿಸಿ, ಇಂಥಾ ಕೆಲಸ ಅಂತ ಹೇಳಿದನಂತೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈಗೆ ಏನ್ ಹಚ್ಕೋತಿ?" ಅಂತ ಕೇಳಿದರಂತೆ. ಕೊಬ್ಬರಿ ಎಣ್ಣೆ ಸಿಗ್ತದೇನು ಅಲ್ಲಿ ಅಂತ ವಿಚಾರಿಸಿದರಂತೆ. ಅಪ್ಪನಿಗೆ ತಾನೇ ಹೇಳ್ತೀನಿ, ಅಲ್ಲೀತನಕ ತಡಿ ಅಂದರಂತೆ. ಇನ್ನೊಂದು ವಾರಕ್ಕೆ ಒಪ್ಪಿಗೆ ಬಂತು. ಫೋಟೊ ಗೋಡೆಗೆ ಬರುತ್ತದೆ, ಆದರೆ ಅವನು ಹೇಳಿದ ಅಳತೆಯಲ್ಲಿ, ಅಂದರೆ ಅಂಗೈಯಷ್ಟೇ. ಹೆಸರು ಬೇಡ ಅಂದಿದ್ದಾನೆ, ಹಾಕುವುದಿಲ್ಲ. ಕೆಳಗಿನ ಸಾಲು ಅವನೇ ಬರೆದುಕೊಟ್ಟಿದ್ದಾನೆ. ಏನು ಅಂತ ನವೆಂಬರಿನಲ್ಲಿ ಓದಿ.

ನಮ್ಮ ಪ್ರದರ್ಶನಕ್ಕೂ ಕ್ಲೆರ್ವೋದ ಪ್ರದರ್ಶನಕ್ಕೂ ಇರುವ ವ್ಯತ್ಯಾಸ ಅಲ್ಲೇ ನಿರ್ಧಾರವಾಯಿತು. ಅಲ್ಲಿ ಹೆಸರಿಲ್ಲ, ಯಾಕಂದರೆ ಯಾರೂ ಕೇಳಲಿಲ್ಲ. ಇಲ್ಲೂ ಕೆಲವು ಚಿತ್ರಗಳಿಗೆ ಹೆಸರಿರುವುದಿಲ್ಲ, ಆದರೆ ಕೇಳಿದ್ದೇವೆ, ಬೇಡ ಅಂದಿದ್ದಾರೆ.

ಕಾನೂನೂ ಅದನ್ನೇ ಹೇಳುತ್ತದೆ

ಜರ್ಮನಿಯಲ್ಲಿ ಇದು ಬರೀ ಸೌಜನ್ಯದ ಮಾತಲ್ಲ. 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೊಗ್ರಾಫರುಗಳು ಕೋಣೆಗೆ ನುಗ್ಗಿ ಶವದ ಫೋಟೊ ತೆಗೆದರು. ದೊಡ್ಡ ಗಲಾಟೆಯಾಯಿತು. ಅದರ ಫಲವಾಗಿ 1907ರಲ್ಲಿ ಬಂದ ಕಾನೂನು ಇಂದಿಗೂ ಜಾರಿಯಲ್ಲಿದೆ: ಯಾರದೇ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವಂತಿಲ್ಲ, ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ. ದೊಡ್ಡ ಸಭೆ, ಮೆರವಣಿಗೆಯ ಫೋಟೊಗೆ, ಬೀದಿಯ ನೋಟದಲ್ಲಿ ಆಕಸ್ಮಿಕವಾಗಿ ಬಂದವರಿಗೆ ವಿನಾಯಿತಿಗಳಿವೆ. ಆದರೆ ಒಬ್ಬರ ಮುಖವೇ ವಿಷಯವಾಗಿದ್ದರೆ ಕೇಳಲೇಬೇಕು.

ಅದಕ್ಕೇ ನಮ್ಮ ನಿಯಮಗಳು ಸರಳ. ಮುಖ ಕಾಣುವ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಬೇಕು. ಮಕ್ಕಳಾದರೆ ತಂದೆತಾಯಿ ಇಬ್ಬರದೂ. ವಿಡಿಯೊ ಕಾಲಿನ ಪರದೆಯಲ್ಲಿ ಕಾಣುವ ಊರಿನ ಅಜ್ಜಿಯನ್ನೂ ಒಂದು ಮಾತು ಕೇಳಿ. ಆಸ್ಪತ್ರೆ, ವೃದ್ಧಾಶ್ರಮಗಳ ಒಳಗೆ ರೋಗಿಗಳ, ಹಿರಿಯರ ಫೋಟೊ ತೆಗೆಯಲೇಬೇಡಿ. ಕೆಲಸವೂ ಹೋಗಬಹುದು, ಕೇಸೂ ಆಗಬಹುದು. ಕಾರ್ಖಾನೆ, ಗೋದಾಮಿನೊಳಗೆ ಬಹಳ ಕಡೆ ಕ್ಯಾಮೆರಾ ನಿಷಿದ್ಧ. ಮೇಲ್ವಿಚಾರಕರ ಅನುಮತಿ ಇಲ್ಲದೆ ಬೇಡ.

ಹಾಗಾದರೆ ದುಡಿಮೆಯ ಫೋಟೊ ಎಲ್ಲಿಂದ ತರೋದು? ಕೆಲಸದ ಜಾಗ ಒಳಗೆ ಬಿಡದಿದ್ದರೂ ಕೆಲಸ ನಮ್ಮ ಜೊತೆ ಮನೆಗೆ ಬರುತ್ತದಲ್ಲ. ಕೈ, ಕಾಲು, ಬೂಟು, ಒಗೆಯಲು ಬಿದ್ದ ಸಮವಸ್ತ್ರ, ಬೆನ್ನುನೋವಿನ ಮುಲಾಮು, ಬುತ್ತಿ ಡಬ್ಬಿ, ರಾತ್ರಿಪಾಳಿ ಮುಗಿಸಿ ಬಂದವರು ಹಗಲು ಮಲಗಲು ಎಳೆದ ಪರದೆ. ಇದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಡ.

ಗೋಡೆಯ ಯೋಜನೆ

ಒಟ್ಟು 36 ಚಿತ್ರ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಸ್ಟೈಕನ್ ಒಂದು ಬದುಕಿನ ದಾರಿ ಹಿಡಿದರು, ನಾವು ಒಂದು ದಿನದ ದಾರಿ ಹಿಡಿದಿದ್ದೇವೆ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ, ಹಗಲು, ಸಂಜೆ, ರಾತ್ರಿಪಾಳಿ ದಾಟಿ ಮತ್ತೆ ನಾಲ್ಕಕ್ಕೆ ಮುಗಿಯುತ್ತದೆ. ಕೊಳಲು ಹುಡುಗನ ಜಾಗದಲ್ಲಿ ನಮಗೆ ಬುತ್ತಿ ಡಬ್ಬಿ: ಒಂದೇ ಡಬ್ಬಿ ನಾಲ್ಕು ಕಡೆ ಮರಳಿ ಬರುತ್ತದೆ. ಊರಿಗೆ ಮಾಡುವ ವಿಡಿಯೊ ಕಾಲಿನ ಫೋಟೊಗಳನ್ನು ಆ ಮಕ್ಕಳ ಆಟದ ಹಾಗೆ ವೃತ್ತದಲ್ಲಿ ಜೋಡಿಸುತ್ತೇವೆ. ಟೂರಿನ ಫೋಟೊಗೂ ಜಾಗವಿದೆ, ಭಾನುವಾರದ ಮೂಲೆಯಲ್ಲಿ ಮೂರು. ಮೊಸರೂ ಸುಳ್ಳಲ್ಲವಲ್ಲ!

ಪ್ರತಿ ಚಿತ್ರದ ಕೆಳಗೆ ಚಿತ್ರದಲ್ಲಿರುವವರೇ ಬರೆದ ಎರಡು ಮೂರು ಸಾಲು ಇರುತ್ತದೆ. ಅವರವರ ಮಾತಿನಲ್ಲಿ, ಕುಂದಾಪ್ರದ್ದೋ ಕಲಬುರಗಿಯದ್ದೋ, ತಿದ್ದುವುದಿಲ್ಲ. ಜರ್ಮನ್ ಅನುವಾದ ಪಕ್ಕದಲ್ಲಿ, ಯಾಕಂದರೆ ಅಕ್ಕಪಕ್ಕದ ಮನೆಯವರನ್ನೂ, ಜೊತೆಯಲ್ಲಿ ದುಡಿಯುವವರನ್ನೂ ಕರೆಯುತ್ತಿದ್ದೇವೆ. ಪ್ರದರ್ಶನದಲ್ಲಿರುವ ಚಿತ್ರಗಳ ಫೋಟೊ ತೆಗೆಯದಂತೆ ಬಾಗಿಲಲ್ಲೇ ಕೈಮುಗಿದು ಕೇಳಿಕೊಳ್ಳುತ್ತೇವೆ.

ಫೋಟೊ ಕಳಿಸುವವರಿಗೆ ತಾಂತ್ರಿಕ ಮಾತು ಇಷ್ಟೇ. ವಾಟ್ಸಾಪಿನಲ್ಲಿ ಸಾಧಾರಣವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅಂಗೈಯಗಲಕ್ಕಿಂತ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇಮೇಲಿನಲ್ಲಿ ಮೂಲ ಫೈಲನ್ನೇ ಕಳಿಸಿ. ಈಗಿನ ಸಾಮಾನ್ಯ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ 30 ಸೆಂಟಿಮೀಟರ್ ಅಗಲಕ್ಕೆ ಸ್ಫುಟವಾಗಿ ಬರುತ್ತದೆ, ದೂರದಿಂದ ನೋಡುವಂಥದ್ದಾದರೆ 60ಕ್ಕೂ ಹಿಗ್ಗಿಸಬಹುದು. ಬಣ್ಣ ಬದಲಿಸುವ ಫಿಲ್ಟರ್ ಬೇಡ. ಬೆಳ್ಳಗೆ ಕಾಣಿಸುವ ಫಿಲ್ಟರಂತೂ ಬೇಡವೇ ಬೇಡ. ಚಿತ್ರದಲ್ಲಿ ಕಂಪನಿಯ ಹೆಸರು, ಗುರುತಿನ ಚೀಟಿ, ಮನೆಯ ವಿಳಾಸ ಕಾಣದಂತೆ ನೋಡಿಕೊಳ್ಳಿ.

ಪ್ರದರ್ಶನ ಮುಗಿದ ಮೇಲೆ ಈ ಚಿತ್ರಗಳು ಪೆಟ್ಟಿಗೆ ಸೇರಬಾರದು ಅನ್ನೋದು ನಮ್ಮ ಆಸೆ. 1990ರಲ್ಲಿ ಟರ್ಕಿಯಿಂದ ಬಂದ ವಲಸಿಗರು ತಮ್ಮ ಕಥೆಯನ್ನು ತಾವೇ ಉಳಿಸಿಕೊಳ್ಳಬೇಕು ಅಂತ ಒಂದು ಸಂಗ್ರಹ ಶುರುಮಾಡಿದರು. ಕೋಲ್ನ್‌ನಲ್ಲಿರುವ ಡೋಮಿಡ್ ಅನ್ನುವ ಆ ಸಂಸ್ಥೆ ಈಗ ಎಲ್ಲ ದೇಶದ ವಲಸಿಗರ ಫೋಟೊ, ಕಾಗದಪತ್ರ, ಪೆಟ್ಟಿಗೆ ಪಟಾರಿಗಳನ್ನು ಕಾಪಿಡುತ್ತದೆ. ಒಪ್ಪುವವರ ಚಿತ್ರಗಳನ್ನು ಅಲ್ಲಿಗೆ ಕೊಡುವ ಬಗ್ಗೆ ವಿಚಾರಿಸಬೇಕೆಂದಿದ್ದೇವೆ.

ಇನ್ನು ನಿಮ್ಮ ಕೆಲಸ. 36ರಲ್ಲಿ 22 ಚಿತ್ರ ಸಿಕ್ಕಿವೆ, 14 ಜಾಗ ಖಾಲಿ ಇವೆ. ಬೆಳಗಿನ ಜಾವದ್ದು ಸಾಕಷ್ಟಿದೆ. ಮಧ್ಯರಾತ್ರಿಯಿಂದ ಮೂರರವರೆಗಿನದು ಒಂದೂ ಇಲ್ಲ. ರಾತ್ರಿಪಾಳಿಯವರೇ, ಟ್ಯಾಕ್ಸಿ ಓಡಿಸುವವರೇ, ಬೇಕರಿಯಲ್ಲಿ ಹಿಟ್ಟು ನಾದುವವರೇ, ಮಗುವಿಗೆ ಹಾಲು ಕೊಡಲು ಎದ್ದ ಅಮ್ಮಂದಿರೇ, ಆ ಹೊತ್ತಿನ ಒಂದು ಫೋಟೊ, ನಿಮ್ಮದೇ ಎರಡು ಸಾಲು ಕಳಿಸಿ. ವಿಳಾಸ ಕೊನೆಯ ಪುಟದಲ್ಲಿದೆ, ಅಕ್ಟೋಬರ್ 10 ಕೊನೆಯ ದಿನ. ಹೆಸರು ಹಾಕಬೇಕೋ ಬೇಡವೋ ಅನ್ನೋದನ್ನೂ ಅದರಲ್ಲೇ ಬರೆದುಬಿಡಿ. ಮನೆಯವರಿಗೆ ಮೊದಲು ತೋರಿಸಿ, ಆಮೇಲೆ ನಮಗೆ ಕಳಿಸಿ.